ಮೇರಿ ವರ್ಗೀಸ್

ಡಾ. ಮೇರಿ ವರ್ಗೀಸ್ (1925–1986) ಭಾರತದಲ್ಲಿ ದೈಹಿಕ ಪುನರ್ವಸತಿ ವೈದ್ಯಶಾಸ್ತ್ರಕ್ಕೆ ತಳಹದಿ ಹಾಕಿದ ವೈದ್ಯೆ. ಬೆನ್ನುಹುರಿಯ ಗಾಯದಿಂದ ಸ್ವತಃ ನಡೆಯುವ ಶಕ್ತಿಯನ್ನು ಕಳೆದುಕೊಂಡ ಇವರು, ಅಂಥ ರೋಗಿಗಳಿಗಾಗಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪ್ರತ್ಯೇಕ ಚಿಕಿತ್ಸಾ ವ್ಯವಸ್ಥೆಯನ್ನು ರೂಪಿಸಿದರು.

ಜನನ ಮತ್ತು ಶಿಕ್ಷಣ

ಮೇರಿಯವರು ಕೇರಳದ ಕೊಚ್ಚಿ ಸಮೀಪದ ಚೆರಾಯಿಯಲ್ಲಿ ಜನಿಸಿದರು. ವೈದ್ಯಕೀಯ ಶಿಕ್ಷಣವನ್ನು ವೆಲ್ಲೂರಿನಲ್ಲಿ ಪಡೆದರು. ಇಡಾ ಸ್ಕಡರ್ ಅವರು 1900ರಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯವಾಗಿ ಆರಂಭಿಸಿದ ಆ ಸಂಸ್ಥೆ ಅಷ್ಟರಲ್ಲಿ ದೊಡ್ಡ ಆಸ್ಪತ್ರೆಯಾಗಿ ಬೆಳೆದಿತ್ತು. ಡಾ. ಜೇಕಬ್ ಚಾಂಡಿ ಅವರು 1949ರಲ್ಲಿ ಅಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗವನ್ನು ಸ್ಥಾಪಿಸಿದ್ದರು.

ಅಪಘಾತ

1954ರಲ್ಲಿ ಸಹವೈದ್ಯರೊಡನೆ ಪ್ರಯಾಣಿಸುತ್ತಿದ್ದಾಗ ವಾಹನ ಅಪಘಾತಕ್ಕೀಡಾಗಿ ಮೇರಿಯವರ ಬೆನ್ನುಹುರಿಗೆ ತೀವ್ರ ಪೆಟ್ಟಾಯಿತು. ಸೊಂಟದ ಕೆಳಭಾಗ ಸ್ವಾಧೀನ ತಪ್ಪಿತು. ವೈದ್ಯವೃತ್ತಿ ಮುಗಿಯಿತೆಂಬ ಸ್ಥಿತಿಯಲ್ಲಿ ಶಸ್ತ್ರಚಿಕಿತ್ಸಕ ಡಾ. ಪಾಲ್ ಬ್ರಾಂಡ್ ಅವರು ಕುಳಿತೇ ಮಾಡಬಹುದಾದ ಶಸ್ತ್ರಚಿಕಿತ್ಸೆಯತ್ತ ಅವರನ್ನು ಪ್ರೋತ್ಸಾಹಿಸಿದರು. ಮೇರಿಯವರು ಗಾಲಿಕುರ್ಚಿಯಲ್ಲಿ ಕುಳಿತು ಕುಷ್ಠರೋಗಿಗಳ ಮುರುಟಿದ ಕೈಗಳಿಗೆ ಶಸ್ತ್ರಚಿಕಿತ್ಸೆ ನಡೆಸತೊಡಗಿದರು.

ವಿಶೇಷ ತರಬೇತಿ

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಚಿಕಿತ್ಸೆ ಪಡೆಯುವಾಗ ಅವರು ಸ್ವಾವಲಂಬನೆಯ ವಿಧಾನಗಳನ್ನು ಕಲಿತರು. ಅನಂತರ ನ್ಯೂಯಾರ್ಕಿನಲ್ಲಿ ಡಾ. ಹೋವರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನರ್ವಸತಿ ವೈದ್ಯಶಾಸ್ತ್ರದ ಉನ್ನತ ತರಬೇತಿ ಪಡೆದು ವೆಲ್ಲೂರಿಗೆ ಮರಳಿದರು.

ಪುನರ್ವಸತಿ ಕೇಂದ್ರ

ಬೆನ್ನುಹುರಿಗೆ ಪೆಟ್ಟಾದವರಿಗೆ ಶಸ್ತ್ರಚಿಕಿತ್ಸೆಯೊಂದೇ ಸಾಲದು. ಸ್ಪರ್ಶಜ್ಞಾನವಿಲ್ಲದ ಭಾಗಗಳಲ್ಲಿ ಒತ್ತಡದ ಹುಣ್ಣುಗಳಾಗುತ್ತವೆ. ಮೂತ್ರಕೋಶದ ಸೋಂಕು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಆಸ್ಪತ್ರೆಯಲ್ಲಿ ಉಳಿದ ಜೀವ ಮನೆಯಲ್ಲಿ ಆರೈಕೆಯ ತಿಳಿವಳಿಕೆಯಿಲ್ಲದೆ ಹೋಗಿಬಿಡುವ ಅಪಾಯವಿತ್ತು. ಆದ್ದರಿಂದ ವೈದ್ಯರು, ದಾದಿಯರು, ವ್ಯಾಯಾಮ ಚಿಕಿತ್ಸಕರು, ಕೃತಕ ಅಂಗ ತಯಾರಕರು ಮತ್ತು ಮನೆಯವರು ಒಂದಾಗಿ ದುಡಿಯುವ ಕ್ರಮ ಅಗತ್ಯವಾಯಿತು. ಮೇರಿಯವರು ವೆಲ್ಲೂರಿನ ಪುನರ್ವಸತಿ ವಿಭಾಗದ ಮೊದಲ ಮುಖ್ಯಸ್ಥೆಯಾದರು. ಅವರ ನೇತೃತ್ವದಲ್ಲಿ 1966ರಲ್ಲಿ ಒಳರೋಗಿಗಳಿಗಾಗಿ ಪುನರ್ವಸತಿ ಸಂಸ್ಥೆ ಆರಂಭವಾಯಿತು. ಮರದಿಂದಲೋ ಎತ್ತರದಿಂದಲೋ ಬಿದ್ದು ಗಾಯಗೊಂಡ ಗ್ರಾಮೀಣ ಶ್ರಮಿಕರಿಗೆ ಇಂಥ ಕೇಂದ್ರವು ಹಾಸಿಗೆಯಿಂದ ದುಡಿಮೆಯತ್ತ ಮರಳುವ ದಾರಿಯಾಯಿತು. ತಮ್ಮಂತೆಯೇ ಗಾಲಿಕುರ್ಚಿಯಲ್ಲಿದ್ದ ವೈದ್ಯೆ ಅಲ್ಲಿನ ರೋಗಿಗಳಿಗೆ ಕಣ್ಣೆದುರಿನ ನಿದರ್ಶನವಾಗಿದ್ದರು.

ಗೌರವ ಮತ್ತು ನಿಧನ

ಡೊರೊಥಿ ಕ್ಲಾರ್ಕ್ ವಿಲ್ಸನ್ ಅವರು ಬರೆದ ಮೇರಿಯವರ ಜೀವನಚರಿತ್ರೆ 'ಟೇಕ್ ಮೈ ಹ್ಯಾಂಡ್ಸ್' 1963ರಲ್ಲಿ ಪ್ರಕಟವಾಯಿತು. ಭಾರತ ಸರ್ಕಾರವು 1972ರಲ್ಲಿ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. ಅವರು 1986ರಲ್ಲಿ ನಿಧನರಾದರು. ವೆಲ್ಲೂರಿನ ಪುನರ್ವಸತಿ ಸಂಸ್ಥೆಗೆ ಮುಂದೆ ಅವರ ಹೆಸರನ್ನೇ ಇಡಲಾಯಿತು.