ಆತಗೂರಿನ ಕಾಳಿ ಮತ್ತು ಗಂಗರ ಬೂತುಗ

ಮದ್ದೂರು ಅಂದ್ರೆ ಎಲ್ಲರಿಗೂ ಮೊದಲು ನೆನಪಾಗೋದು ವಡೆ. ಮಂಡ್ಯ ಅಂದ್ರೆ ಕಬ್ಬು, ಬೆಲ್ಲ. ಆದರೆ ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ ಸಿಕ್ಕ ಒಂದು ಕಲ್ಲಿನ ಬಗ್ಗೆ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸಾವಿರ ವರ್ಷಕ್ಕಿಂತ ಹಳೆಯ ಆ ಕಲ್ಲಿನಲ್ಲಿ ಒಬ್ಬ ರಾಜ, ಅವನ ಕೈಕೆಳಗಿನ ಒಬ್ಬ ವೀರ, ಒಂದು ಬೇಟೆನಾಯಿ ಮೂವರೂ ಇದ್ದಾರೆ. ರಾಜ ತಲಕಾಡಿನ ಗಂಗರ ಇಮ್ಮಡಿ ಬೂತುಗ. ಈ ಸಲ ಅವನ ಕಥೆ ಬರೀತಿದ್ದೀನಿ.

ಬೂತುಗ ಎರೆಯಪ್ಪನ ಮಗ. ಬೂತುಗನಿಗಿಂತ ಮೊದಲು ಪಟ್ಟದಲ್ಲಿದ್ದವನು ಅಣ್ಣ ರಾಚಮಲ್ಲ. ಬೂತುಗ ಸುಮ್ಮನೆ ಕೂರಲಿಲ್ಲ. ಉತ್ತರದಲ್ಲಿ ರಾಷ್ಟ್ರಕೂಟರ ಮನೆಯಲ್ಲೂ ಸಿಂಹಾಸನದ ಜಗಳ ನಡೀತಿತ್ತು. ಅಲ್ಲಿನ ಮೂರನೇ ಅಮೋಘವರ್ಷನ ಮಗಳು ರೇವಕನಿಮ್ಮಡಿಯನ್ನು ಮದುವೆಯಾಗಿ, ಅವಳ ತಮ್ಮ ಮೂರನೇ ಕೃಷ್ಣನ ಜೊತೆ ನಿಂತ. ಸುಮಾರು 938ರಲ್ಲಿ ರಾಚಮಲ್ಲನನ್ನು ಕೊಂದು ಗಂಗವಾಡಿ 96,000ಕ್ಕೆ ಒಡೆಯನಾದ. ಅವನ ಬಿರುದುಗಳಲ್ಲಿ ಒಂದು ನನ್ನಿಯ ಗಂಗ. ನನ್ನಿ ಅಂದ್ರೆ ಹಳಗನ್ನಡದಲ್ಲಿ ಸತ್ಯ. ಅಣ್ಣನನ್ನು ಕೊಂದವನಿಗೆ ಈ ಬಿರುದು ಹೇಗಪ್ಪಾ ಒಪ್ಪುತ್ತೆ ಅಂತ ನನಗೆ ಅನ್ನಿಸಿದ್ದು ಸುಳ್ಳಲ್ಲ. ಆದ್ರೆ ಭಾವಮೈದ ಕೃಷ್ಣನಿಗೆ ಮಾತ್ರ ಅವನು ಕೊನೇವರೆಗೂ ನಂಬಿಕಸ್ಥನಾಗೇ ಇದ್ದ.

ಅದು ಗೊತ್ತಾಗೋದು 949ರ ತಕ್ಕೋಲಂ ಯುದ್ಧದಲ್ಲಿ. ತಕ್ಕೋಲಂ ಇರೋದು ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರ. ಒಂದು ಕಡೆ ಕೃಷ್ಣ ಮತ್ತು ಬೂತುಗ, ಇನ್ನೊಂದು ಕಡೆ ಚೋಳ ಪರಾಂತಕನ ಮಗ ರಾಜಾದಿತ್ಯ. ರಾಜಾದಿತ್ಯ ಆನೆ ಮೇಲೆ ಕೂತಿದ್ದಾಗಲೇ ಸತ್ತ, ಚೋಳರ ಸೈನ್ಯ ಚದುರಿಹೋಯ್ತು. ಕೊಂದವರು ಯಾರು ಅನ್ನೋದಕ್ಕೆ ಎರಡು ಉತ್ತರ ಇವೆ. ಚೋಳರ ತಾಮ್ರಶಾಸನದ ಪ್ರಕಾರ ಕೃಷ್ಣನ ಬಾಣ ಅವನ ಎದೆ ಸೀಳಿತು. ಆತಗೂರಿನ ಕಲ್ಲಿನ ಪ್ರಕಾರ ಕೊಂದವನು ಬೂತುಗ. ಈ ಕಲ್ಲನ್ನು ಮೊದಲು ಓದಿದ ಫ್ಲೀಟ್ ಎಂಬ ವಿದ್ವಾಂಸರು ಬೂತುಗ ಮೋಸದಿಂದ ಇರಿದ ಅನ್ನೋ ಅರ್ಥ ಹೇಳಿದ್ದರು. ಆಮೇಲೆ ಮತ್ತೆ ಓದಿದಾಗ ಅಲ್ಲಿ ಮೋಸದ ಮಾತಿಲ್ಲ, ಆನೆಯ ಮೇಲಿನ ಅಂಬಾರಿಯೇ ರಣರಂಗವಾಯ್ತು ಅಂತಿದೆ ಎಂದು ತಿದ್ದಿದರು. ಒಂದು ಪದ ತಪ್ಪಾಗಿ ಓದಿದರೆ ಒಬ್ಬ ಮನುಷ್ಯ ಸಾವಿರ ವರ್ಷ ಆದಮೇಲೂ ಮೋಸಗಾರ ಆಗಿಬಿಡ್ತಾನೆ ನೋಡಿ!

ಕೃಷ್ಣ ಮೆಚ್ಚಿ ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇಷ್ಟನ್ನೂ ಬೂತುಗನಿಗೆ ಕೊಟ್ಟ. ಯುದ್ಧದಲ್ಲಿ ಬೂತುಗನ ಮುಂದೆ ನಿಂತು ಕಾದಾಡಿದವನು ಸಗರ ವಂಶದ ಮಣಲೆರ. ಬೂತುಗ ಅವನಿಗೆ ಏನು ಬೇಕಾದರೂ ಕೇಳು ಅಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ರಾಜನ ಹತ್ತಿರ ಇದ್ದ ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿದ.

ಯಾಕೆ ನಾಯಿ? ಬೇಟೆ ಹೇಗೆ ನಡೀತಿತ್ತು ಅಂತ ಯೋಚಿಸಿದ್ರೆ ಉತ್ತರ ಸಿಗುತ್ತೆ. ಹಂದಿಬೇಟೆಯಲ್ಲಿ ನಾಯಿಗಳು ಹಂದಿಯನ್ನು ಅಡ್ಡಗಟ್ಟಿ ನಿಲ್ಲಿಸಬೇಕು, ಜನ ಸುತ್ತುವರಿದು ಬಾಣ ಅಥವಾ ಈಟಿಯಿಂದ ಹೊಡೀಬೇಕು. ಗಂಡು ಹಂದಿಯ ಹೆಗಲಿನ ಚರ್ಮ ಗಡುಸು, ಬಾಣ ಸರಿಯಾಗಿ ನಾಟದಿದ್ದರೆ ಗಾಯಗೊಂಡ ಹಂದಿ ನೇರ ಮೈಮೇಲೆ ಬರುತ್ತೆ. ಆಗ ಪಕ್ಕದವನು ಹೆದರಿ ಓಡಿದರೆ ಸಾಲಿನಲ್ಲಿ ಕಂಡಿ ಬಿತ್ತು, ಕೋರೆ ಬೀಳೋದು ನಿಂತವನ ತೊಡೆಗೆ. ಎದುರುಬದುರು ನಿಂತವರು ಆತುರದಲ್ಲಿ ಬಿಲ್ಲು ಎಳೆದರೆ ಇನ್ನೂ ಕಷ್ಟ. ಮರದ ಬಿಲ್ಲಿನಿಂದಲೂ ಬಾಣ ಸೆಕೆಂಡಿಗೆ 40-50 ಮೀಟರ್ ವೇಗದಲ್ಲಿ ಹೋಗುತ್ತೆ, ಒಂದು ಸಣ್ಣ ಕೊಂಬೆ ತಾಗಿದರೂ ದಿಕ್ಕು ಬದಲಾಗುತ್ತೆ. ನಾವು ಫಿಸಿಕ್ಸ್‌ನಲ್ಲಿ ಮಾಡೋ ಪ್ರೊಜೆಕ್ಟೈಲ್ ಲೆಕ್ಕದಲ್ಲಿ ಗುರಿಯ ಹಿಂದೆ ಯಾರೂ ನಿಂತಿರಲ್ಲ. ಕಾಡಿನಲ್ಲಿ ನಿಂತಿರ್ತಾರೆ.

ಆ ಕಾಲದ ಜನಕ್ಕೆ ಇದು ಚೆನ್ನಾಗಿ ಗೊತ್ತಿತ್ತು. ದಶರಥ ಸದ್ದು ಕೇಳಿ ಬಾಣ ಬಿಟ್ಟು ನೀರು ತುಂಬಿಸುತ್ತಿದ್ದ ಹುಡುಗನನ್ನು ಕೊಂದ. ಪಾಂಡು ಜಿಂಕೆ ಅಂದ್ಕೊಂಡು ಹೊಡೆದದ್ದು ಕಿಂದಮ ಮುನಿಯನ್ನ. ಪಂಪ ತನ್ನ ಭಾರತವನ್ನು ಮುಗಿಸಿದ್ದು 941ರಲ್ಲಿ, ಅಂದ್ರೆ ಬೂತುಗ ಆಳುತ್ತಿದ್ದಾಗಲೇ. ಬೇಟೆಯಲ್ಲಿ ಸತ್ತವರಿಗೆ ನಿಲ್ಲಿಸಿದ ವೀರಗಲ್ಲುಗಳೂ ಕರ್ನಾಟಕದಲ್ಲಿ ಇವೆ. ಇಂಥ ಕಡೆ ಓಡಿಹೋಗದ, ಗುರಿ ತಪ್ಪಿಸದ ಜೊತೆಗಾರ ಸಿಗೋದು ಕಷ್ಟ. ಮಣಲೆರ ಯುದ್ಧದಲ್ಲಿ ಎಷ್ಟು ಜನ ಹೇಗೆ ಓಡ್ತಾರೆ ಅಂತ ಕಣ್ಣಾರೆ ಕಂಡವನು. ಅವನಿಗೆ ಹನ್ನೆರಡು ಸಾವಿರ ಹಳ್ಳಿಯ ನಾಡಿಗಿಂತ ಕಾಳಿ ದೊಡ್ಡದಾಗಿ ಕಂಡಿರಬೇಕು ಅಂತ ನನ್ನ ಅಭಿಪ್ರಾಯ.

ಕೆಳಲೆ ನಾಡಿನ ಬೆಳತೂರಿನಲ್ಲಿ, ಪಶ್ಚಿಮದ ಮೊರಡಿಯ ಮೇಲೆ ಒಂದು ದೊಡ್ಡ ಹಂದಿ ಸಿಕ್ಕಿತು. ಕಾಳಿಯನ್ನು ಅದರ ಮೇಲೆ ಬಿಟ್ಟರು. ಕಾಳಿ ಹಿಡಿದದ್ದು ಬಿಡಲಿಲ್ಲ, ಹಂದಿಯೂ ಬಿಡಲಿಲ್ಲ. ಎರಡೂ ಒಟ್ಟಿಗೇ ಸತ್ತವು.

ನಾಯಿ ಸತ್ತರೆ ಗುಂಡಿ ತೋಡಿ ಮುಚ್ಚೋದು ವಾಡಿಕೆ. ಮಣಲೆರ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆ ಬಿಟ್ಟ. ಆ ಗದ್ದೆ ಅನುಭವಿಸುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ಸುತ್ತಿಕೊಳ್ಳುತ್ತೆ ಅಂತ ಬರೆಸಿದ. ದಾನ ಕೊಟ್ಟ ಗದ್ದೆಗೆ ಕಣ್ಣು ಹಾಕುವವರು ಆಗಲೂ ಇದ್ರು ಅಂತ ಕಾಣುತ್ತೆ! ಶಕ ವರ್ಷ 872. ಅದೇ ಕಲ್ಲಿನಲ್ಲಿ ಕೃಷ್ಣನ ಗೆಲುವು, ರಾಜಾದಿತ್ಯನ ಸಾವು, ಬೂತುಗನಿಗೆ ಸಿಕ್ಕ ನಾಡುಗಳ ಪಟ್ಟಿ ಎಲ್ಲಾ ಇದೆ. ಬೂತುಗ ಮಣಲೆರನಿಗೆ ಆತಕೂರು 12 ಹಳ್ಳಿಗಳನ್ನೂ ಬೆಳ್ವೊಲದ ಒಂದು ಊರನ್ನೂ ಕೊಟ್ಟಿದ್ದನ್ನು ಆಮೇಲೆ ಸೇರಿಸಿದ್ದಾರೆ. ಅಂದ್ರೆ ಕೇಳದೇ ಇದ್ದದ್ದೂ ಕೊನೆಗೆ ಅವನಿಗೆ ಸಿಕ್ತು.

ಬೂತುಗ ಸುಮಾರು 961ರವರೆಗೆ ಆಳಿದ. ಜೈನ ಧರ್ಮದಲ್ಲಿ ಪಂಡಿತ, ವಾದದಲ್ಲಿ ಬೌದ್ಧರನ್ನು ಸೋಲಿಸಿದ್ದ ಅಂತ ಮಗನ ಕೂಡ್ಲೂರು ಶಾಸನ ಹೊಗಳುತ್ತೆ. ರೇವಕನಿಮ್ಮಡಿಯ ಮಗ ಮರುಳ ಸ್ವಲ್ಪ ಕಾಲ ಇದ್ದ, ಆಮೇಲೆ ಇನ್ನೊಬ್ಬ ಹೆಂಡತಿಯ ಮಗ ಮಾರಸಿಂಹ ಬಂದ. ಮಾರಸಿಂಹನ ಸೇವೆಯಲ್ಲಿದ್ದ ಚಾವುಂಡರಾಯನೇ ಮುಂದೆ ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ್ದು.

ಮದ್ದೂರು, ಮಳವಳ್ಳಿ ಕಡೆ ಕಬ್ಬಿನ ಗದ್ದೆಗೆ ಹಂದಿ ಈಗಲೂ ನುಗ್ಗುತ್ತವೆ. 1972ರ ಕಾಯ್ದೆ ಬಂದಮೇಲೆ ಬೇಟೆ ಅಪರಾಧ. ಕಾಳಿಯ ಕಲ್ಲು ಆತಗೂರಿನಲ್ಲಿ ಇಲ್ಲ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕ್‌ಗೆ ಹೋದಾಗ ಪಕ್ಕದಲ್ಲೇ ಇರುತ್ತೆ, ಒಳಗೆ ಹೋಗಿ ನೋಡಿ. ಅಕ್ಷರ ಓದಕ್ಕೆ ಬರದಿದ್ದರೂ ಪರವಾಗಿಲ್ಲ, ನಾಯಿ ಮತ್ತು ಹಂದಿ ಒಂದಕ್ಕೊಂದು ಕಚ್ಚಿಕೊಂಡಿರೋ ಚಿತ್ರ ಕೆತ್ತಿದ್ದಾರೆ.