ಸರಖೇಲ ಕಾನ್ಹೋಜಿ ಆಂಗ್ರೆ

ಕಲ್ಯಾಣ, ಡೊಂಬಿವಲಿಗಳಿಂದ ಮುಂಜಾವಿನ ಗಾಡಿ ಹಿಡಿದು ಮುಂಬಯಿಯ ಹೋಟೆಲು, ಕಚೇರಿಗಳಿಗೆ ಹೊರಡುವ ನಮ್ಮ ಬಾಂಧವರು ಠಾಣೆಯ ಸಮೀಪ ನಿತ್ಯವೂ ಖಾಡಿಯನ್ನು ದಾಟುತ್ತಾರೆ. ಆದರೆ ಮರಾಠರ ನೌಕಾಬಲವು ಹುಟ್ಟಿದ್ದು ಕಲ್ಯಾಣದ ಖಾಡಿಯಲ್ಲೆಂಬುದನ್ನು ನೆನೆಯುವವರು ವಿರಳ. 1657ರಲ್ಲಿ ಕಲ್ಯಾಣ, ಭಿವಂಡಿಗಳು ಶಿವಾಜಿ ಮಹಾರಾಜರ ವಶವಾದವು. ಅನಂತರ ಅವರು ಇಲ್ಲಿ ಯುದ್ಧದ ಹಡಗುಗಳನ್ನು ಕಟ್ಟಿಸತೊಡಗಿದರು. 1665ರಲ್ಲಿ ಸ್ವತಃ ಹಡಗನ್ನೇರಿ ಕುಂದಾಪುರದ ಬಳಿಯ ಬಸರೂರಿಗೆ ಬಂದು ಆ ಸಂಪನ್ನ ಬಂದರನ್ನು ಸೂರೆಗೊಂಡರು. ನಮ್ಮ ಕರಾವಳಿಯು ಮರಾಠರ ನೌಕಾಬಲವನ್ನು ಅರಿತುದು ಹೀಗೆ. ಮುಂದೆ ಆ ಬಲವನ್ನು ಪಾಶ್ಚಾತ್ಯರೂ ಅಂಜುವಂತೆ ಬೆಳೆಸಿದವನೇ ಕಾನ್ಹೋಜಿ ಆಂಗ್ರೆ.

ಕಾನ್ಹೋಜಿಯ ತಂದೆ ತುಕೋಜಿಯು ಶಿವಾಜಿ ಮಹಾರಾಜರ ಸೇವೆಯಲ್ಲಿದ್ದವನು. 1689ರಲ್ಲಿ ಸಂಭಾಜಿ ಮಹಾರಾಜರ ವಧೆಯಾದ ಬಳಿಕ ಕೊಂಕಣದ ಹಲವು ಕೋಟೆಗಳು ಮೊಗಲರ ಮತ್ತು ಜಂಜೀರೆಯ ಸಿದ್ದಿಗಳ ಪಾಲಾದವು. ಆ ದುರ್ದಿನಗಳಲ್ಲಿ ಎದೆಗುಂದದೆ ಹೋರಾಡಿದ ಕಾನ್ಹೋಜಿಗೆ, ಸಿದೋಜಿ ಗುಜರನ ಮರಣಾನಂತರ 1698ರಲ್ಲಿ ಸರಖೇಲ ಪದವಿಯು, ಅಂದರೆ ನೌಕಾಬಲದ ಅಧಿಪತ್ಯವು, ದೊರೆಯಿತು. ಅಲಿಬಾಗದ ಸಮುದ್ರದಲ್ಲಿರುವ ಕುಲಾಬಾ ದುರ್ಗವು ಆತನ ಪ್ರಧಾನ ನೆಲೆ. ಮುಂಬಯಿಯ ಕೊಲಾಬಾ ಬೇರೆ, ಇದು ಬೇರೆ. ಸುವರ್ಣದುರ್ಗ, ವಿಜಯದುರ್ಗ, ಖಾಂದೇರಿಗಳು ಆತನ ಇತರ ಆಧಾರಸ್ತಂಭಗಳು.

ಆತನ ಹಡಗುಗಳು ಗಾತ್ರದಲ್ಲಿ ಆಂಗ್ಲರವುಗಳಿಗೆ ಸಮನಲ್ಲ. ಆದರೆ ಗುರಾಬುಗಳೂ ಹುಟ್ಟುಹಾಕುವ ಗಲಬತುಗಳೂ ಆಳವಿಲ್ಲದ ನೀರಿನಲ್ಲಿ ಸರಾಗವಾಗಿ ಚಲಿಸಬಲ್ಲವು. ಗಾಳಿ ನಿಂತೊಡನೆ ದೊಡ್ಡ ಹಡಗು ನಿಶ್ಚಲವಾಗುವುದಷ್ಟೆ. ಆಗ ಗಲಬತುಗಳು ಗುರಾಬುಗಳನ್ನು ಎಳೆದೊಯ್ದು, ಶತ್ರುವಿನ ಫಿರಂಗಿಗಳು ವಿರಳವಾಗಿರುವ ಹಿಂಬದಿಯಿಂದ ಗುಂಡು ಹಾರಿಸುತ್ತಿದ್ದವು.

ಈ ಕಡಲಿನಲ್ಲಿ ವ್ಯಾಪಾರ ನಡೆಸುವವರು ತನ್ನ ದಸ್ತಕವನ್ನು, ಎಂದರೆ ರಹದಾರಿಯನ್ನು, ಪಡೆಯಬೇಕೆಂಬುದು ಆತನ ನಿಯಮ. ಪೋರ್ತುಗೀಜರು ಬಹುಕಾಲದಿಂದ ನಡೆಸಿದ್ದೂ ಇದನ್ನೇ. ಆದರೆ ಕಾನ್ಹೋಜಿಯು ಅದನ್ನು ಕೇಳಿದಾಗ ಆಂಗ್ಲರು ಆತನನ್ನು ಕಡಲ್ಗಳ್ಳನೆಂದು ಕರೆದರು. 1712ರಲ್ಲಿ ನಮ್ಮ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ಕಂಪನಿಯ ಹಡಗೊಂದನ್ನೂ ಮುಂಬಯಿ ಗವರ್ನರನ ನೌಕೆಯನ್ನೂ ಆತನ ಹಡಗುಗಳು ಹಿಡಿದವು. ಕಾದಾಟದಲ್ಲಿ ಕಂಪನಿಯ ಅಧಿಕಾರಿಯೊಬ್ಬನು ಮಡಿದನು. ಸೆರೆಸಿಕ್ಕ ಆತನ ಪತ್ನಿಯನ್ನು ಹಣ ತೆತ್ತು ಬಿಡಿಸಿಕೊಳ್ಳಬೇಕಾಯಿತು. ಇಂತಹ ಕಾಠಿಣ್ಯವನ್ನು ನಾವು ಮರೆಮಾಚಬೇಕಾಗಿಲ್ಲ. ಆದರೆ ಛತ್ರಪತಿಯ ಅಧಿಕಾರಮುದ್ರೆಯನ್ನು ಹೊಂದಿದವನನ್ನು ಕಳ್ಳನೆನ್ನುವುದು ನ್ಯಾಯವಲ್ಲ.

ಸ್ವಕೀಯರ ಒಡಕನ್ನೂ ಆತನು ಎದುರಿಸಬೇಕಾಯಿತು. ತಾರಾಬಾಯಿಯ ಪಕ್ಷದಲ್ಲಿದ್ದ ಆತನ ಮೇಲೆ ಶಾಹು ಮಹಾರಾಜರು ಪೇಶವೆ ಬಹಿರೋಪಂತ ಪಿಂಗಳೆಯನ್ನು ಕಳುಹಿಸಿದಾಗ, ಕಾನ್ಹೋಜಿಯು ಪೇಶವೆಯನ್ನೇ ಸೆರೆಹಿಡಿದನು. ಬಾಳಾಜಿ ವಿಶ್ವನಾಥನು ಮಾತುಕತೆಯಿಂದ ಆತನನ್ನು ಶಾಹುವಿನ ಪಕ್ಷಕ್ಕೆ ತಂದನು. ಆ ಐಕ್ಯದ ಫಲವು ಬೇಗನೆ ಕಾಣಿಸಿತು. 1718ರಲ್ಲಿ ಖಾಂದೇರಿಯ ಮೇಲೆ, 1720ರಲ್ಲಿ ವಿಜಯದುರ್ಗದ ಮೇಲೆ ಆಂಗ್ಲರು ನಡೆಸಿದ ದಾಳಿಗಳು ವಿಫಲವಾದವು. 1721ರಲ್ಲಿ ಆಂಗ್ಲರೂ ಪೋರ್ತುಗೀಜರೂ ಒಂದಾಗಿ ಕುಲಾಬೆಯನ್ನು ಮುತ್ತಿದರು. ಬಾಜೀರಾಯನು ಸೈನ್ಯದೊಡನೆ ನೆರವಿಗೆ ಧಾವಿಸಿದನು; ಮಿತ್ರರಿಬ್ಬರೂ ಪರಸ್ಪರರನ್ನು ಹಳಿಯುತ್ತ ಹಿಂದಿರುಗಿದರು.

1729ರ ಜುಲೈ 4ರಂದು ಕಾನ್ಹೋಜಿಯು ಅಜೇಯನಾಗಿಯೇ ತೀರಿಕೊಂಡನು. ಆತನ ಸಮಾಧಿಯು ಅಲಿಬಾಗದಲ್ಲಿದೆ. ಹಿರಿಯ ಮಗ ಸೇಖೋಜಿಯು 1733ರಲ್ಲಿ ಗತಿಸಿದ ಬಳಿಕ ಉಳಿದ ಮಕ್ಕಳು ಕಲಹಕ್ಕಿಳಿದರು. ಕುಲಾಬೆಯೊಬ್ಬನಿಗೆ, ವಿಜಯದುರ್ಗವಿನ್ನೊಬ್ಬನಿಗೆ ಎಂದು ಮನೆ ಇಬ್ಭಾಗವಾಯಿತು. ಕಡೆಗೆ ತುಳಾಜಿ ಆಂಗ್ರೆಯನ್ನು ಅಡಗಿಸಲು ಪೇಶವೆಯು ಆಂಗ್ಲರನ್ನೇ ಕರೆತಂದನು. 1756ರ ಫೆಬ್ರವರಿಯಲ್ಲಿ ವಿಜಯದುರ್ಗದ ಬಂದರಿನಲ್ಲಿ ಆಂಗ್ರೆಯರ ಹಡಗುಗಳು ಉರಿದುಹೋದವು. ಹೊರಗಿನವರು ಮೂರು ದಶಕ ಹೆಣಗಿಯೂ ಮಾಡಲಾಗದುದನ್ನು ಒಳಗಿನ ವೈರವು ಸಾಧಿಸಿಕೊಟ್ಟಿತು. ಆಮೇಲೆ ಈ ಕಡಲಿನಲ್ಲಿ ಆಂಗ್ಲರನ್ನು ತಡೆಯುವವರೇ ಇಲ್ಲದಾಯಿತು.

ಸ್ವತಂತ್ರ ಭಾರತವು 1951ರಲ್ಲಿ ಮುಂಬಯಿಯ ನೌಕಾನೆಲೆಗೆ ಆಂಗ್ರೆಯ ಹೆಸರನ್ನಿಟ್ಟು ಹಳೆಯ ಅಪವಾದವನ್ನು ತೊಡೆಯಿತು. ಕೋಟೆ ವಿಭಾಗದಲ್ಲಿ ದುಡಿಯುವ ನಮ್ಮವರು ಆ ಹೆಸರನ್ನು ಕಂಡಾಗ ಆತನ ಶೌರ್ಯವನ್ನು ನೆನೆಯಲಿ. ಆ ಶೌರ್ಯದ ಗಳಿಕೆಯು ಕರಗಿದ ಬಗೆಯನ್ನೂ ನೆನೆಯಲಿ. ಪರಸ್ಥಳದಲ್ಲಿ ಬಾಳುವ ನಮಗೆ ಒಗ್ಗಟ್ಟಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.