ಇಂದಿನ ಧಮ್ಮ ಚಿಂತನೆ: ಪಲ್ವಂಕರ್ ಬಾಲೂ



ನಂಜನಗೂಡಲ್ಲಾಗಲಿ, ಟಿ. ನರಸೀಪುರದಲ್ಲಾಗಲಿ, ನಮ್ಮ ಕೇರಿಯ ಹುಡುಗರಿಗೆ ಕ್ರಿಕೆಟ್ ಅಂದರೆ ಪ್ರಾಣ. ಅವರಿಗೆ ಈ ಹೆಸರು ತಿಳಿದಿರಲಿ ಎಂದು ನಾನು ಇದನ್ನು ಬರೆಯುತ್ತಿದ್ದೇನೆ.

ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದಲ್ಲಿ, ಚಮ್ಮಾರ ಕುಟುಂಬದಲ್ಲಿ. ಪುಣೆಯ ಕ್ರಿಕೆಟ್ ಕ್ಲಬ್ಬಿನಲ್ಲಿ ಮೈದಾನ ಗುಡಿಸಿ, ಪಿಚ್ ಹದ ಮಾಡುವುದು ಅವರ ಮೊದಲ ಕೆಲಸ. ತಿಂಗಳಿಗೆ 3 ರೂಪಾಯಿ ಸಂಬಳ. ಆಮೇಲೆ ಇಂಗ್ಲಿಷರ ಕ್ಲಬ್ಬಿನಲ್ಲಿ ಸಾಹೇಬರಿಗೆ ಅಭ್ಯಾಸಕ್ಕೆಂದು ಚೆಂಡು ಎಸೆದೆಸೆದೇ ಎಡಗೈ ಸ್ಪಿನ್ ಕಲಿತರು.

ಗೆಲ್ಲಬೇಕೆಂಬ ಆಸೆಗೆ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಎಲ್ಲರೂ ಮುಟ್ಟಿದ್ದು ಒಂದೇ ಚೆಂಡು. ಚಹಾದ ಹೊತ್ತಿಗೆ ಮಾತ್ರ ಬಾಲೂಗೆ ಹೊರಗಡೆ, ಬೇರೆ ಮಣ್ಣಿನ ಲೋಟ. 1906ರಲ್ಲಿ ಹಿಂದೂ ತಂಡ ಬೊಂಬಾಯಿಯಲ್ಲಿ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಅವರ ಬೌಲಿಂಗೇ ಆಸರೆ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಪಡೆದರು. ಆದರೂ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ. 1920ರಲ್ಲಿ ತಮ್ಮಂದಿರಾದ ವಿಠ್ಠಲ, ಶಿವರಾಮ ಇದನ್ನು ಪ್ರತಿಭಟಿಸಿ ತಂಡದಿಂದ ಹೊರಗುಳಿದರು. 1923ರಲ್ಲಿ ವಿಠ್ಠಲ ನಾಯಕರಾದರು. ಅಣ್ಣನಿಗೆ ಸಿಗದ ಜಾಗ ತಮ್ಮನಿಗೆ ಸಿಕ್ಕಿತು.

ಯುವಕರಾಗಿದ್ದಾಗ ಬಾಬಾಸಾಹೇಬರಿಗೆ ಬಾಲೂ ಮೇಲೆ ತುಂಬ ಅಭಿಮಾನವಿತ್ತು. ಮುಂದೆ ದಾರಿಗಳು ಬೇರೆಯಾದವು. ಪ್ರತ್ಯೇಕ ಮತಕ್ಷೇತ್ರವನ್ನು ಬಾಲೂ ಒಪ್ಪಲಿಲ್ಲ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು, ಸುಮಾರು 2,000 ಮತಗಳಿಂದ ಸೋತರು. 1955ರ ಜುಲೈಯಲ್ಲಿ ತೀರಿಕೊಂಡರು. ನಾಗಪುರದ ದೀಕ್ಷೆಗೆ ಇನ್ನೂ ಒಂದು ವರ್ಷ ಮೂರು ತಿಂಗಳು ಬಾಕಿಯಿತ್ತು.

ಎದುರು ನಿಂತವರನ್ನು ನಾವೇಕೆ ನೆನೆಯಬೇಕು ಎಂದು ಕೆಲವರು ಕೇಳಬಹುದು. ನಾನು ಹೇಳುವುದಿಷ್ಟು: ಅವರ ರಾಜಕೀಯ ನಮಗೆ ಒಪ್ಪಿಗೆಯಿಲ್ಲ, ಅವರು ನುಂಗಿದ ನೋವು ಮಾತ್ರ ನಮ್ಮದೇ. ಅವರ ಬಾಳೇ ಬಾಬಾಸಾಹೇಬರ ಮಾತಿಗೆ ಸಾಕ್ಷಿ. ಜಾತಿ ಉಳಿದ ಕಡೆ ನಮ್ಮ ಪ್ರತಿಭೆ ಬೇಕು, ನಮಗೆ ಸಮನಾದ ಪೀಠ ಬೇಡ. ಬುದ್ಧರ ಸಂಘದಲ್ಲಿ ನಡೆದದ್ದೇ ಬೇರೆ. ಕ್ಷೌರಿಕ ಉಪಾಲಿಗೆ ಶಾಕ್ಯ ರಾಜಕುಮಾರರಿಗಿಂತ ಮೊದಲು ದೀಕ್ಷೆ ಸಿಕ್ಕಿತು. ಆ ರಾಜಕುಮಾರರು ಅವರಿಗೆ ತಲೆಬಾಗಿ ವಂದಿಸಬೇಕಾಯಿತು. ಮುಂದೆ ವಿನಯದಲ್ಲಿ ಉಪಾಲಿಯೇ ಅಗ್ರರಾದರು.

ಇಂದಿನ ಅಭ್ಯಾಸ: ನಮ್ಮವರಲ್ಲೇ ಭಿನ್ನ ದಾರಿ ಹಿಡಿದ ಒಬ್ಬರನ್ನು ದ್ವೇಷವಿಲ್ಲದೆ ನೆನೆಯೋಣ. ಮನೆಯ ಮಕ್ಕಳಿಗೆ ಬಾಲೂ ಕಥೆ ಹೇಳೋಣ, 1937ರದ್ದನ್ನೂ ಮುಚ್ಚಿಡದೆ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.